ಮನೆಯಂಗಳಕ್ಕೊಂದು ಹೂಮರ: ಸಸಿಯನ್ನು ನೋಡಿ ಕೊಳ್ಳುವ ಕ್ರಮ

ಹೂಮರವೊಂದನ್ನು ನೆಡಬೇಕೆಂಬ ಆಸೆ ಹೆಚ್ಚಿನವರಲ್ಲಿ ಹುಟ್ಟುವುದು ಬೇಸಿಗೆಯಲ್ಲಿ, ರಸ್ತೆಬದಿಯ ಕಕ್ಕೆ ಹಳದಿ ಗೊಂಚಲುಗಳನ್ನು ಇಳಿಬಿಟ್ಟಾಗ ಅಥವಾ ನೆರೆಮನೆಯ ಸಂಪಿಗೆಯ ಪರಿಮಳ ಗಾಳಿಯಲ್ಲಿ ಬಂದಾಗ. ಆ ಆಸೆಯ ಭರದಲ್ಲೇ ನರ್ಸರಿಗೆ ಹೋದವರು ಅಲ್ಲಿರುವ ಗಿಡಗಳಲ್ಲಿ ಎಲ್ಲಕ್ಕಿಂತ ಎತ್ತರವಾದದ್ದನ್ನು, ಸಿಕ್ಕರೆ ಒಂದೆರಡು ಹೂವು ಬಿಟ್ಟಿರುವುದನ್ನು ಆರಿಸಿ ತರುತ್ತಾರೆ. ವರ್ಷಗಳು ಕಳೆದರೂ ಆ ಗಿಡ ನೆಟ್ಟ ಎತ್ತರದಲ್ಲೇ ನಿಂತಿದ್ದರೆ ಮಣ್ಣು ಸರಿಯಿಲ್ಲವೆಂದೋ ನೀರು ಸಾಲದೆಂದೋ ಭಾವಿಸುತ್ತಾರೆ. ಆದರೆ ದೋಷ ಬಹಳ ಸಲ ಚೀಲದೊಳಗಿನ ಬೇರಿನಲ್ಲಿರುತ್ತದೆ. ಇಲ್ಲವಾದರೆ ಆ ಜಾತಿಯ ಮರಕ್ಕೂ ಆ ಅಂಗಳಕ್ಕೂ ಹೊಂದಿಕೆಯೇ ಇರುವುದಿಲ್ಲ. ಇವೆರಡನ್ನೂ ಹಣ ಕೊಡುವ ಮೊದಲೇ ಪರೀಕ್ಷಿಸಿಕೊಳ್ಳಬಹುದು. ಹೂವು ಮತ್ತು ಎತ್ತರ ಗಿಡದ ಈ ಹೊತ್ತಿನ ಸ್ಥಿತಿಯನ್ನಷ್ಟೇ ತೋರಿಸುತ್ತವೆ. ಮುಂದಿನ ಮೂವತ್ತು ವರ್ಷ ಆ ಮರ ಹೇಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಬೇರು ಮತ್ತು ಜಾಗ.

ಮೊದಲು ಅಂಗಳದ ಅಳತೆ

ನರ್ಸರಿಗೆ ಹೊರಡುವ ಮೊದಲು ಒಂದು ಟೇಪು ಹಿಡಿದು ಅಂಗಳವನ್ನು ಅಳೆಯುವುದು ಒಳ್ಳೆಯದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಮುಂಭಾಗದಲ್ಲಿ ಕೆಲವು ಅಡಿ ನೆಲ ಮಾತ್ರ. ಅಷ್ಟು ಜಾಗದಲ್ಲಿ ಹದಿನೈದು-ಇಪ್ಪತ್ತು ಅಡಿ ಬೆಳೆಯುವ ಚಿಕ್ಕ ಮರಗಳು ಹೊಂದುತ್ತವೆ. ಅವುಗಳಿಗೂ ಗೋಡೆಯಿಂದ ಆರೇಳು ಅಡಿ ದೂರ ಬಿಡಬೇಕು. ಮಧ್ಯಮ ಗಾತ್ರದ ಮರಕ್ಕೆ ಹತ್ತರಿಂದ ಹದಿನೈದು ಅಡಿ ಮತ್ತು ದೊಡ್ಡ ಮರಕ್ಕೆ ಇಪ್ಪತ್ತು ಅಡಿಗಿಂತ ಹೆಚ್ಚು ದೂರ ಬೇಕೆಂದು ಲೆಕ್ಕ ಹಾಕಿಕೊಂಡರೆ ಮುಂದೆ ತೊಂದರೆ ಬರುವುದಿಲ್ಲ. ಸಂಪು, ಚರಂಡಿಯ ಪೈಪು ಮತ್ತು ಶೌಚಗುಂಡಿ ನೆಲದಡಿಯಲ್ಲಿ ಎಲ್ಲೆಲ್ಲಿವೆ ಎಂಬುದನ್ನು ಮನೆ ಕಟ್ಟಿದವರಿಂದ ಕೇಳಿ ತಿಳಿಯಿರಿ. ತಲೆಯೆತ್ತಿ ವಿದ್ಯುತ್ ತಂತಿಯನ್ನೂ ನೋಡಿ: ತಂತಿಯ ಕೆಳಗೆ ನೆಟ್ಟ ಮರದ ತಲೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಕಡಿಯುತ್ತಾರೆ, ಆ ಮರಕ್ಕೆ ತನ್ನ ಸಹಜ ಆಕಾರವೇ ದಕ್ಕುವುದಿಲ್ಲ.

ಜಾಗದ ವಿಷಯದಲ್ಲಿ ಇಷ್ಟು ಎಚ್ಚರ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರ ಪ್ರದೇಶದಲ್ಲಿ ಸ್ವಂತ ನಿವೇಶನದ ಮರವನ್ನು ಕಡಿಯುವುದಕ್ಕೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದು ಸರಿಯಾದ ನಿಯಮವೇ. ಗೋಡೆ ಬಿರುಕು ಬಿಟ್ಟ ಮೇಲೆ ಕಡಿದರಾಯಿತು ಎಂಬ ಯೋಚನೆಯಿಂದ ಮರ ನೆಡಬಾರದು.

ಬಿಸಿಲು ಮತ್ತು ನೀರಿನ ಇಳಿತ, ಇವೆರಡನ್ನು ಇದೇ ಹಂತದಲ್ಲಿ ನೋಡಿಬಿಡಿ. ಹೂಮರಗಳಲ್ಲಿ ಹೆಚ್ಚಿನವು ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲನ್ನು ಬಯಸುತ್ತವೆ. ಎರಡು ಎತ್ತರದ ಕಟ್ಟಡಗಳ ನಡುವಿನ ಸಂದಿನಲ್ಲಿ ನೆಟ್ಟ ಕಕ್ಕೆ ಎಲೆ ಬಿಡುತ್ತದೆ, ಆದರೆ ಹೂವಿಗೆ ಹಿಂಜರಿಯುತ್ತದೆ. ನೆಡಬೇಕೆಂದಿರುವ ಜಾಗದಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ನೀರು ಬಸಿಯುವುದಿಲ್ಲ ಎಂದರ್ಥ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ, ಕಟ್ಟಡದ ಕಲ್ಲು-ಸಿಮೆಂಟಿನ ಕಸ ತುಂಬಿ ಸಮತಟ್ಟು ಮಾಡಿದ ಹೊಸ ಬಡಾವಣೆಗಳಲ್ಲಿ ಇದು ಸಾಮಾನ್ಯ. ಅಂಥ ಕಡೆ ಮಣ್ಣನ್ನು ಏರಿಸಿ ದಿಬ್ಬ ಮಾಡಿ ನೆಡಬೇಕು, ಇಲ್ಲವೇ ಬೇರೆ ಮೂಲೆಯನ್ನು ಹುಡುಕಬೇಕು.

ಯಾವ ಮರ?

ಚಿಕ್ಕ ಅಂಗಳಕ್ಕೆ ನನ್ನ ಮೊದಲ ಆಯ್ಕೆ ಪಾರಿಜಾತ. ಅದು ಹೆಚ್ಚು ಎತ್ತರ ಹೋಗುವುದಿಲ್ಲ, ಕತ್ತರಿಸಿದರೆ ಸಹಿಸಿಕೊಳ್ಳುತ್ತದೆ, ಎರಡು-ಮೂರು ವರ್ಷಗಳಲ್ಲಿ ಹೂ ಬಿಡುತ್ತದೆ, ಮಳೆಗಾಲದ ಕೊನೆಯಿಂದ ಚಳಿಗಾಲದ ಆರಂಭದವರೆಗೆ ಬೆಳಗಾಗುವಷ್ಟರಲ್ಲಿ ನೆಲವನ್ನು ತುಂಬುತ್ತದೆ. ಬಿದ್ದ ಹೂವನ್ನೇ ಆಯ್ದು ಪೂಜೆಗೆ ಬಳಸುವುದರಿಂದ ಅದನ್ನು ನೆಡುವಾಗ ಬುಡದ ಸುತ್ತ ಜನ ಓಡಾಡದ, ಗುಡಿಸಿ ಶುಚಿಯಾಗಿಡಬಹುದಾದ ನೆಲ ಇರುವಂತೆ ನೋಡಿಕೊಳ್ಳಬೇಕು. ಕಾರು ನಿಲ್ಲಿಸುವ ಜಾಗದ ಪಕ್ಕ ಅದು ಬೇಡ. ದೇವಕಣಗಿಲೆಯೂ ಚಿಕ್ಕ ಅಂಗಳಕ್ಕೆ ಸೂಕ್ತ, ನೀರು ಕಡಿಮೆಯಾದರೂ ತಾಳುತ್ತದೆ. ಅದರ ಕೊಂಬೆ ಮುರಿದರೆ ಒಸರುವ ಹಾಲು ಕಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲವಾದ್ದರಿಂದ ಮಕ್ಕಳಿರುವ ಮನೆಯವರು ಎಚ್ಚರ ವಹಿಸಬೇಕು. ಮಂದಾರದಲ್ಲಿ ಬಿಳಿ, ನಸುಗೆಂಪು, ನೇರಳೆ ಬಣ್ಣಗಳಿವೆ. ಎಲೆ ನೋಡಿ ಹೂವಿನ ಬಣ್ಣ ಹೇಳುವುದು ಸಾಧ್ಯವಿಲ್ಲವಾದ್ದರಿಂದ ಬಣ್ಣದ ಬಗ್ಗೆ ಖಚಿತ ಆಸೆಯಿರುವವರು ಹೂವು ಬಿಟ್ಟ ಗಿಡವನ್ನೇ ಕೊಳ್ಳುವುದು ವಾಸಿ. ಹೂವು ನೋಡಿ ಕೊಳ್ಳುವುದಕ್ಕೆ ಸರಿಯಾದ ಕಾರಣವಿರುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು.

ಸಂಪಿಗೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚು ಜನ ಬಯಸುವ ಮರ ಅದು, ಹೆಚ್ಚು ನಿರಾಸೆ ತರುವ ಮರವೂ ಅದೇ. ಬೀಜದಿಂದ ಬೆಳೆದ ಸಂಪಿಗೆ ಹೂ ಬಿಡಲು ಏಳೆಂಟು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ ಮತ್ತು ಮುಂದೆ ಬಹಳ ದೊಡ್ಡ ಮರವಾಗುತ್ತದೆ. ಕಸಿ ಸಂಪಿಗೆ ಎರಡು-ಮೂರು ವರ್ಷಗಳಲ್ಲೇ ಹೂ ಬಿಡುತ್ತದೆ, ಗಾತ್ರದಲ್ಲೂ ಅಷ್ಟು ಹಬ್ಬುವುದಿಲ್ಲ. ಆದ್ದರಿಂದ ಮನೆಯಂಗಳಕ್ಕೆ ಕಸಿ ಗಿಡವೇ ಸರಿ. ತೋಟದ ಅಂಚಿನಲ್ಲಿ ಮುಂದಿನ ತಲೆಮಾರಿಗೂ ಉಳಿಯಲಿ ಎಂದು ನೆಡುವವರು ಬೀಜದ ಗಿಡವನ್ನು ತರಬಹುದು. ಮಾರುವವರು ಕಸಿ ಎಂದು ಹೇಳಿದ ಮಾತ್ರಕ್ಕೆ ನಂಬದೆ ಕಾಂಡದ ಕೆಳಭಾಗವನ್ನು ನೋಡಿ. ಮಣ್ಣಿನಿಂದ ಕೆಲವು ಅಂಗುಲ ಮೇಲೆ ಎರಡು ಕಾಂಡಗಳು ಕೂಡಿದ ಗುರುತು, ಒಂದು ಉಬ್ಬು ಅಥವಾ ಓರೆಯಾದ ಗೆರೆ ಕಾಣಬೇಕು. ಆ ಜಾಗ ಗಟ್ಟಿಯಾಗಿ ಬೆಸೆದಿರಬೇಕು, ಬಿರುಕಿರಬಾರದು, ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ತೊಗಟೆಯನ್ನು ಬಿಗಿದು ಕಚ್ಚಿರಬಾರದು. ಬೆಸುಗೆಯ ಕೆಳಗಿನಿಂದ ಚಿಗುರು ಬಂದಿದ್ದರೆ ಅದು ಬೇರುಗಿಡದ್ದು, ಅಂದರೆ ಕಸಿಗೆ ಬುಡವಾಗಿ ಬಳಸಿದ ಗಿಡದ್ದು. ಬೆಳೆಯಲು ಬಿಟ್ಟರೆ ಮೇಲಿನ ಕಸಿ ಕ್ರಮೇಣ ಸೊರಗಿಹೋಗುತ್ತದೆ. ನೀರು ನಿಲ್ಲುವ ಜಾಗವನ್ನೂ ಬಯಲಿನ ಒಣ ಬಿಸಿಗಾಳಿಯನ್ನೂ ಸಂಪಿಗೆ ಸಹಿಸುವುದಿಲ್ಲ. ರಾಯಚೂರು, ಕಲಬುರಗಿಯ ಕಡೆಯವರು ಅದನ್ನು ಬೆಳೆಸಲೇಬೇಕೆಂದರೆ ಪಶ್ಚಿಮದ ಬಿಸಿಲಿಗೆ ಮರೆಯಿರುವ ಜಾಗವನ್ನು ಆರಿಸಬೇಕಾಗುತ್ತದೆ. ಆ ಸೀಮೆಗೆ ಕಕ್ಕೆ, ಹೊಂಗೆ, ದೇವಕಣಗಿಲೆಗಳೇ ಹೆಚ್ಚು ಭರವಸೆಯ ಮರಗಳು.

ಮಧ್ಯಮ ಅಂಗಳವಿರುವವರಿಗೆ ಕಕ್ಕೆ ಒಳ್ಳೆಯ ಆಯ್ಕೆ. ಮೊದಲ ಒಂದೆರಡು ವರ್ಷ ಅದು ನಿಧಾನ, ಹೂವಿಗೆ ಐದಾರು ವರ್ಷವಾದರೂ ಕಾಯಬೇಕು, ಉದ್ದನೆಯ ಕಾಯಿಗಳು ಉದುರುತ್ತವೆ. ಅಷ್ಟನ್ನು ಒಪ್ಪಿಕೊಂಡರೆ ಏಪ್ರಿಲ್-ಮೇ ತಿಂಗಳಲ್ಲಿ ಅದರ ಎದುರು ನಿಲ್ಲುವ ಮರ ಇನ್ನೊಂದಿಲ್ಲ. ನೀರಿನ ಆಸರೆಯಿರುವಲ್ಲಿ ಹೊಳೆದಾಸವಾಳವನ್ನು ನೆಡಬಹುದು. ಹೆಸರೇ ಸೂಚಿಸುವಂತೆ ಅದು ಹೊಳೆಯಂಚಿನ ಗಿಡ, ತೇವವನ್ನು ಇಷ್ಟಪಡುತ್ತದೆ. ಬಕುಲ, ಅಂದರೆ ಹಳೆ ಮೈಸೂರಿನವರ ರಂಜ, ಕರಾವಳಿಯವರ ರೆಂಜೆ, ತಾಳ್ಮೆಯುಳ್ಳವರ ಮರ. ಅದು ತೀರ ನಿಧಾನವಾಗಿ ಬೆಳೆಯುತ್ತದೆ, ವರ್ಷವಿಡೀ ದಟ್ಟ ನೆರಳು ಕೊಡುತ್ತದೆ, ಹೂವು ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ಜಾಗವಿರುವವರು ಸುರಗಿಯನ್ನೂ ನಾಗಸಂಪಿಗೆಯನ್ನೂ ಮರೆಯಬಾರದು. ಪೇಟೆಯ ನರ್ಸರಿಗಳಲ್ಲಿ ಅವು ಅಪರೂಪ, ಆದರೆ ಊರಿನ ಮರದ ಕೆಳಗೆ ಬಿದ್ದ ಬೀಜದಿಂದ ಸಸಿ ಮಾಡಿ ಕೊಡುವವರು ಇನ್ನೂ ಇದ್ದಾರೆ.

ಅಶೋಕದ ಹೆಸರಿನಲ್ಲಿ ಆಗುವ ಗೊಂದಲವನ್ನು ಇಲ್ಲಿಯೇ ತಿಳಿಸಬೇಕು. ಕಾಂಪೌಂಡಿನುದ್ದಕ್ಕೂ ಸಾಲಾಗಿ ನೆಡುವ, ನೀಳವಾಗಿ ನೆಟ್ಟಗೆ ಬೆಳೆಯುವ ಗಿಡವನ್ನು ಅಶೋಕವೆಂದೇ ಮಾರುತ್ತಾರೆ. ಅದರ ಹೂವು ಹಸಿರು ಬಣ್ಣದ್ದು, ಎಲೆಗಳ ನಡುವೆ ಕಾಣುವುದೂ ಇಲ್ಲ. ಕೇಸರಿ-ಕೆಂಪು ಗೊಂಚಲು ಬಿಡುವ ನಿಜವಾದ ಅಶೋಕ ಬೇಕಾದರೆ ನರ್ಸರಿಯಲ್ಲಿ ಸೀತಾ ಅಶೋಕ ಎಂದು ಕೇಳಬೇಕು. ಗುರುತಿಸುವುದು ಸುಲಭ: ಮೊದಲನೆಯದರಲ್ಲಿ ಅಂಚು ಅಲೆಅಲೆಯಾದ ಒಂಟಿ ಎಲೆಗಳು ಕೊಂಬೆಗೆ ಅಂಟಿರುತ್ತವೆ, ಸೀತಾ ಅಶೋಕದಲ್ಲಿ ಒಂದು ಕಡ್ಡಿಗೆ ಹಲವು ಜೋಡಿ ಎಲೆಗಳಿದ್ದು, ಎಳೆಯ ಚಿಗುರು ತಾಮ್ರದ ಬಣ್ಣದಲ್ಲಿ ಬಾಡಿದಂತೆ ಜೋತುಬಿದ್ದಿರುತ್ತದೆ. ಅದು ರೋಗವಲ್ಲ, ಆ ಮರದ ಸ್ವಭಾವ. ಎಳೆಯದರಲ್ಲಿ ಇದಕ್ಕೆ ಅರೆನೆರಳು ಮತ್ತು ತೇವ ಬೇಕಾಗುವುದರಿಂದ ಪೂರ್ತಿ ಬಿಸಿಲು ಬೀಳದ ಅಂಗಳಕ್ಕೂ ಇದು ಆಗುತ್ತದೆ.

ಇನ್ನು, ಮನೆಯಂಗಳಕ್ಕೆ ತರಬಾರದ ಕೆಲವು ಮರಗಳಿವೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕೃಂಬಿಗಲ್ ಅವರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಆ ಸೊಬಗನ್ನು ನೋಡಿ ಬೆಳೆದ ನಮಗೆ ಅವೇ ಮರಗಳು ಮನೆಗೂ ಬೇಕೆನಿಸುವುದು ಸಹಜ. ಆದರೆ ಅಗಲವಾದ ರಸ್ತೆಗೂ ಉದ್ಯಾನಕ್ಕೂ ಹೊಂದುವುದು ಅಂಗಳಕ್ಕೆ ಹೊಂದುವುದಿಲ್ಲ. ಗುಲ್‌ಮೊಹರ್ ಕೊಡೆಯಾಗಿ ಹರಡುತ್ತದೆ, ಅದರ ಬೇರು ಮೇಲ್ಮಟ್ಟದಲ್ಲಿರುತ್ತದೆ, ಕೊಂಬೆ ಮೆದು. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಉರುಳುವ ಮರಗಳಲ್ಲಿ ಅದು ಸೇರಿಯೇ ಇರುತ್ತದೆ. ಆಕಾಶಮಲ್ಲಿಗೆಯ ಕೊಂಬೆಗಳೂ ಸುಲಭವಾಗಿ ಮುರಿಯುತ್ತವೆ, ಬೇರಿನಿಂದ ಅಲ್ಲಲ್ಲಿ ಮರಿಗಳೂ ಏಳುತ್ತವೆ. ನೀರುಕಾಯಿ ಮರ ಮತ್ತು ನಾಗಲಿಂಗಪುಷ್ಪದ ಮರ ಕೂಡ ಇದೇ ಸಾಲಿಗೆ ಸೇರುತ್ತವೆ. ನಾಗಲಿಂಗದ ತೂಕದ ಕಾಯಿ ಬೀಳುವ ಜಾಗದಲ್ಲಿ ಮಕ್ಕಳು ಆಡುವಂತಿಲ್ಲ.

ಎಲ್ಲಿ, ಯಾವಾಗ ಕೊಳ್ಳಬೇಕು

ಒಳನಾಡಿನಲ್ಲಿ ಜೂನ್‌ನ ಒಂದೆರಡು ಹದಮಳೆ ಬಿದ್ದ ಮೇಲೆ ಕೊಳ್ಳುವುದು ಉತ್ತಮ. ಆಗ ತಪ್ಪಿದರೆ ಸೆಪ್ಟೆಂಬರ್‌ನಲ್ಲೂ ನೆಡಬಹುದು. ಕರಾವಳಿ-ಮಲೆನಾಡಿನಲ್ಲಿ ಮೊದಲ ಮಳೆಗೇ ನೆಡಬೇಕು, ಅಥವಾ ಜುಲೈನ ಜಡಿಮಳೆ ಇಳಿಯುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ಆಸೆ ಹುಟ್ಟಿದರೆ ಆಗ ಮಾಡಬೇಕಾದದ್ದು ಅಂಗಳದ ಅಳತೆ ಮತ್ತು ಗುಂಡಿಯ ತಯಾರಿ.

ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮಳೆಗಾಲದ ಆರಂಭದಲ್ಲಿ ಹೊಂಗೆ, ಕಕ್ಕೆ, ಹೊಳೆದಾಸವಾಳ ಮುಂತಾದ ನಾಡಿನ ಮರಗಳ ಸಸಿಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ. ಚೀಲದ ಅಳತೆಯನ್ನು ಅಂಗುಲದಲ್ಲಿ ಹೇಳುವುದು ವಾಡಿಕೆ: ಐದು-ಎಂಟು, ಆರು-ಒಂಬತ್ತು, ಎಂಟು-ಹನ್ನೆರಡು, ಹದಿನಾಲ್ಕು-ಇಪ್ಪತ್ತು ಹೀಗೆ. ಮನೆಯಂಗಳಕ್ಕೆ ಎಂಟು-ಹನ್ನೆರಡರ ಚೀಲದ, ಎರಡರಿಂದ ಮೂರು ಅಡಿ ಎತ್ತರದ ಸಸಿ ಬಹಳ ಹೊಂದುತ್ತದೆ. ಕಸಿ ಗಿಡ, ಸೀತಾ ಅಶೋಕ ಇಂಥವುಗಳಿಗೆ ತೋಟಗಾರಿಕೆ ಇಲಾಖೆಯ ಸಸ್ಯಾಗಾರ ಅಥವಾ ಖಾಸಗಿ ನರ್ಸರಿಗೆ ಹೋಗಬೇಕಾಗುತ್ತದೆ. ಬೆಂಗಳೂರಿನವರಿಗೆ ಲಾಲ್‌ಬಾಗಿನೊಳಗೇ ನರ್ಸರಿಯವರ ಸಹಕಾರ ಸಂಘದ ಮಾರಾಟ ಕೇಂದ್ರವಿದೆ. ಖಾಸಗಿ ನರ್ಸರಿಗಳಲ್ಲಿರುವ ಗಿಡಗಳಲ್ಲಿ ಅನೇಕವು ಆಂಧ್ರದ ಗೋದಾವರಿ ತೀರದ ಕಡಿಯಂನಿಂದ ಲಾರಿಯಲ್ಲಿ ಬಂದವು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಪ್ರಯಾಣ ಮಾಡಿ ಬಂದ ಗಿಡ ಇಲ್ಲಿನ ಗಾಳಿಗೆ ಹೊಂದಿಕೊಂಡಿದೆಯೇ ಎಂದು ತಿಳಿಯಲು ಅದು ಬಂದು ಎಷ್ಟು ದಿನವಾಯಿತೆಂದು ಕೇಳಬೇಕು. ಒಂದು ತಿಂಗಳಾದರೂ ಅಲ್ಲಿದ್ದು ಹೊಸ ಚಿಗುರು ಬಿಟ್ಟಿರುವ ಗಿಡ ನಂಬಿಕೆಗೆ ಅರ್ಹ.

ಸಸಿಯ ಪರೀಕ್ಷೆ

ಗಿಡವನ್ನು ಬುಡದಿಂದ ಮೇಲಕ್ಕೆ ನೋಡಿ. ಮೊದಲು ಚೀಲದ ತಳ. ಅಲ್ಲಿನ ರಂಧ್ರಗಳಿಂದ ಒಂದೆರಡು ತೆಳು ಬೇರು ಹೊರಬಂದಿದ್ದರೆ ಚಿಂತೆಯಿಲ್ಲ. ಬೆರಳು ದಪ್ಪದ ಬೇರು ಚೀಲವನ್ನು ಹರಿದು ನೆಲಕ್ಕೆ ಇಳಿದಿದ್ದರೆ ಆ ಗಿಡವನ್ನು ಬಿಡಿ. ಅದನ್ನು ಎತ್ತುವಾಗ ಮುಖ್ಯ ಬೇರು ತುಂಡಾಗುತ್ತದೆ, ಮನೆಗೆ ಬಂದ ಮೇಲೆ ಗಿಡ ಎಲೆಯುದುರಿಸುತ್ತದೆ. ನಂತರ ಮೇಲ್ಮಣ್ಣನ್ನು ಬೆರಳಿನಿಂದ ಒಂದಂಗುಲ ಸರಿಸಿ ನೋಡಿ. ಕಾಂಡ ಬೇರಾಗಿ ಹರಡಿಕೊಳ್ಳುವ ಜಾಗ ಅಲ್ಲಿ ಕಾಣಬೇಕು. ಅದರ ಬದಲು ಒಂದು ದಪ್ಪ ಬೇರು ಕಾಂಡದ ಸುತ್ತ ಸಿಂಬೆ ಸುತ್ತಿದಂತೆ ಮಲಗಿದ್ದರೆ, ಕಾಂಡ ದಪ್ಪವಾದಂತೆಲ್ಲ ಆ ಬೇರು ಅದನ್ನು ಬಿಗಿಯುತ್ತ ಹೋಗುತ್ತದೆ. ಇಂಥ ಮರ ಹತ್ತು ವರ್ಷ ಚೆನ್ನಾಗಿಯೇ ಕಂಡು ಒಂದು ಗಾಳಿಗೆ ಬುಡಸಮೇತ ಉರುಳುವುದುಂಟು. ಚಿಕ್ಕ ಚೀಲದಲ್ಲಿ ಬಹುಕಾಲ ಉಳಿದ ಎತ್ತರದ ಗಿಡಗಳಲ್ಲಿ ಈ ದೋಷ ಹೆಚ್ಚು. ಅಗ್ಗವಾಗಿ ಸಿಗುವ ಎತ್ತರದ ಗಿಡವನ್ನು ನಾನು ಅನುಮಾನದಿಂದ ನೋಡಲು ಇದೇ ಕಾರಣ. ನೆಟ್ಟ ಮೇಲೆ ಬೇರು ಸಲೀಸಾಗಿ ಹರಡುವುದರಿಂದ ಮೂರು ಅಡಿಯ ಆರೋಗ್ಯವಂತ ಸಸಿ ಕೆಲವೇ ವರ್ಷಗಳಲ್ಲಿ ಆರು ಅಡಿಯ ಇಕ್ಕಟ್ಟಿನ ಗಿಡವನ್ನು ಮೀರಿಸುತ್ತದೆ.

ಮುಂದೆ ಕಾಂಡವನ್ನು ಮೆಲ್ಲಗೆ ಹಿಡಿದು ಆಚೀಚೆ ಅಲುಗಿಸಿ. ಮಣ್ಣಿನ ಹೆಂಟೆಯೂ ಜೊತೆಗೆ ಅಲುಗಿದರೆ ಬೇರು ಮಣ್ಣನ್ನು ಹಿಡಿದಿದೆ ಎಂದು ತಿಳಿಯಿರಿ. ಕಾಂಡವಷ್ಟೇ ಸಡಿಲವಾಗಿ ಅಲುಗಿದರೆ ಅದನ್ನು ಇತ್ತೀಚೆಗಷ್ಟೇ ಚೀಲ ಬದಲಿಸಿರಬೇಕು, ಇಲ್ಲವೇ ಬೇರು ಕೊಳೆತಿರಬೇಕು. ಕಾಂಡ ಬುಡದಲ್ಲಿ ದಪ್ಪವಾಗಿದ್ದು ಮೇಲೆ ಹೋದಂತೆ ತೆಳುವಾಗಬೇಕು. ಕೋಲು ಕಟ್ಟಿ ನಿಲ್ಲಿಸಿದ್ದರೆ ಕಟ್ಟನ್ನು ಬಿಚ್ಚಿಸಿ, ಗಿಡ ತಾನೇ ನಿಲ್ಲುತ್ತದೆಯೇ ನೋಡಿ. ತೊಗಟೆಯಲ್ಲಿ ಸಣ್ಣ ತೂತು, ಅದರ ಕೆಳಗೆ ಮರದ ಹಿಟ್ಟು ಇದ್ದರೆ ಕಾಂಡಕೊರಕ ಹುಳು ಒಳಗಿದೆ. ಎಲೆಯ ಹಿಂಬದಿಯನ್ನು ತಿರುವಿ ಬಿಳಿಯ ಹಿಟ್ಟುತಿಗಣೆ, ಕಂದು ಶಲ್ಕಕೀಟಗಳನ್ನು ಹುಡುಕಿ; ಕಾಂಡದ ಮೇಲೆ ಇರುವೆಗಳ ಸಾಲು ಹರಿದಾಡುತ್ತಿದ್ದರೆ ಈ ಕೀಟಗಳು ಎಲ್ಲೋ ಇವೆ ಎಂಬುದಕ್ಕೆ ಅದು ಸೂಚನೆ. ಎಲೆ ಉದುರಿಸಿ ನಿಂತಿರುವ ದೇವಕಣಗಿಲೆ ಅಥವಾ ಕಕ್ಕೆ ಸತ್ತಿದೆಯೋ ಬದುಕಿದೆಯೋ ಎಂಬ ಸಂಶಯವಿದ್ದರೆ, ಮಾರುವವರನ್ನು ಕೇಳಿ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬಹುದು. ಒಳಗೆ ಹಸಿರಿದ್ದರೆ ಜೀವವಿದೆ.

ಕೊಳ್ಳುವ ಮುನ್ನ ಕೇಳಬೇಕಾದ ಮಾತುಗಳು ಹೆಚ್ಚೇನೂ ಇಲ್ಲ. “ಇದು ಕಸಿಯೋ, ಬೀಜದ ಗಿಡವೋ? ಈ ಚೀಲಕ್ಕೆ ಹಾಕಿ ಎಷ್ಟು ತಿಂಗಳಾಯಿತು? ಬಿಸಿಲಲ್ಲಿ ಇತ್ತೋ, ನೆರಳುಪರದೆಯ ಕೆಳಗಿತ್ತೋ?” ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವವರ ಬಳಿ ಗಿಡ ಕೊಳ್ಳುವುದು ಲೇಸು.

ತರುವುದು, ನೆಡುವುದು

ಸಾಗಿಸುವಾಗ ಗಿಡವನ್ನು ಚೀಲದಿಂದ ಎತ್ತಬೇಕೇ ಹೊರತು ಕಾಂಡ ಹಿಡಿದು ಎತ್ತಬಾರದು. ತೆರೆದ ವಾಹನದಲ್ಲಿ ತರುವುದಾದರೆ ಒದ್ದೆ ಗೋಣಿಚೀಲದಿಂದ ಎಲೆಗಳನ್ನು ಮುಚ್ಚಬೇಕು, ಏಕೆಂದರೆ ವೇಗದ ಗಾಳಿ ಎಳೆಯ ಎಲೆಯ ನೀರನ್ನು ಹೀರಿಬಿಡುತ್ತದೆ. ಮನೆಗೆ ತಂದ ಮೇಲೆ ಒಂದು ವಾರ ಅರೆನೆರಳಿನಲ್ಲಿಟ್ಟು ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಒಗ್ಗಿಸಿ.

ಎರಡರಿಂದ ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಅಗೆದ ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಗೆದ್ದಲಿನ ಕಾಟವಿರುವಲ್ಲಿ ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಗೊಬ್ಬರ ಬೇಡ, ಅದರ ಬಿಸಿಗೆ ಎಳೆಯ ಬೇರು ಸುಡುತ್ತದೆ. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಬೇಕು. ತಳಕ್ಕೆ ತೂತು ಮಾಡಿ ಚೀಲದೊಂದಿಗೇ ಹೂಳುವ ಪದ್ಧತಿ ಗಿಡವನ್ನು ಕೊಲ್ಲುವ ಪದ್ಧತಿ. ಹೊರಮೈಯಲ್ಲಿ ಸುತ್ತಿಕೊಂಡ ತೆಳು ಬೇರುಗಳಿದ್ದರೆ ಬೆರಳಿನಿಂದ ಬಿಡಿಸಿ, ಬಿಡಿಸಲಾಗದವನ್ನು ಕತ್ತರಿಸಿ. ಹೊರಗಿನಿಂದ ಬಂದ ಗಿಡಗಳ ಹೆಂಟೆ ಕೆಲವೊಮ್ಮೆ ಅಂಟುಜೇಡಿಯದಾಗಿರುತ್ತದೆ. ನಮ್ಮ ಕೆಂಪುಮಣ್ಣಿಗಿಟ್ಟರೆ ಹಾಕಿದ ನೀರು ಆ ಹೆಂಟೆಯೊಳಗೆ ಇಳಿಯದೆ ಸುತ್ತಲಿನಿಂದ ಜಾರಿಹೋಗುತ್ತದೆ, ಆದ್ದರಿಂದ ಅದನ್ನು ನೀರಿನಲ್ಲಿ ನೆನೆಸಿ ಹೊರಪದರವನ್ನು ಸಡಿಲಿಸಬೇಕು. ಬುಡದಲ್ಲಿ ಬೇರು ಆರಂಭವಾಗುವ ಜಾಗ ನೆಲದ ಮಟ್ಟದಲ್ಲೇ ಇರಲಿ. ಕಸಿ ಗಿಡವಾದರೆ ಬೆಸುಗೆ ಮಣ್ಣಿನಿಂದ ಸ್ಪಷ್ಟವಾಗಿ ಮೇಲಿರಬೇಕು.

ಮೊದಲ ಎರಡು ಬೇಸಿಗೆಗಳಲ್ಲಿ ಕಾಳಜಿ ತಪ್ಪಬಾರದು. ದಿನವೂ ಒಂದು ಚೊಂಬು ನೀರು ಹಾಕುವುದಕ್ಕಿಂತ ವಾರಕ್ಕೆ ಎರಡು ಸಲ ಒಂದೊಂದು ಕೊಡ ಹಾಕುವುದು ಮೇಲು, ಏಕೆಂದರೆ ನೀರು ಆಳಕ್ಕಿಳಿದರೆ ಬೇರೂ ಆಳಕ್ಕಿಳಿಯುತ್ತದೆ. ಬುಡದ ಸುತ್ತ ಒಣ ಎಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಹೊದಿಸಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಗಾಳಿಯ ಜಾಗವಾದರೆ ಎರಡು ಕಡೆ ಗೂಟ ನೆಟ್ಟು ಹಳೆಯ ಹತ್ತಿಬಟ್ಟೆಯಿಂದ ಸಡಿಲವಾಗಿ ಕಟ್ಟಿ. ತಂತಿ, ನೈಲಾನ್ ದಾರ ತೊಗಟೆಯನ್ನು ಕೊಯ್ಯುತ್ತವೆ. ಒಂದು ಮಳೆಗಾಲ ಕಳೆದು ಕಾಂಡ ಗಟ್ಟಿಯಾದ ಮೇಲೆ ಆ ಗೂಟಗಳನ್ನು ಕಿತ್ತುಬಿಡಬೇಕು, ಏಕೆಂದರೆ ಗಾಳಿಗೆ ತೂಗಾಡಿದಷ್ಟೂ ಕಾಂಡವೂ ಬೇರೂ ಬಲಗೊಳ್ಳುತ್ತವೆ.